4.10 ಹಾಕ್ಲಾ, 4.56 ಹಾಕ್ಲಾ? ಡ್ರ್ಯಾಗ್ ರೇಸ್ ಪಿಕಪ್‌ನ ಹಿಂದಿನ ಆಕ್ಸಲ್ ಲೆಕ್ಕ

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರು ಒಂದು ಕೈಯಲ್ಲಿ ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ, ಯಾಕಂದ್ರೆ ಇವತ್ತು ಸ್ವಲ್ಪ ಲೆಕ್ಕ ಇದೆ. ಹೆದರ್ಬೇಡಿ. ನಾನು ಬಿ.ಕಾಂ. ಮಾಡಿದವನು, ಎಂಜಿನಿಯರ್ ಅಲ್ಲ. ನನಗೆ ಅರ್ಥ ಆಗಿದೆ ಅಂದ್ಮೇಲೆ ನಿಮಗೂ ಆಗತ್ತೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ 8 ಗಂಟೆಗೆ ಫೋನ್ ಬಂತು. ದೊಡ್ಡಪ್ಪನ ಮಗ. ಅವನಿರೋದು ಅಮೆರಿಕದ ಟೆಕ್ಸಾಸ್‌ನಲ್ಲಿ, ಅಲ್ಲಿ ಆಗ ಶನಿವಾರ ರಾತ್ರಿ. ಏನೋ ಮನೆ ವಿಷಯ ಇರ್ಬೇಕು ಅಂದ್ಕೊಂಡು ಎತ್ತಿದ್ರೆ, "ಲೋ, ನಿನಗೆ ಎಕ್ಸೆಲ್ ಚೆನ್ನಾಗಿ ಬರತ್ತಲ್ವಾ, ಆಕ್ಸಲ್‌ದು ಒಂದು ಲೆಕ್ಕ ಮಾಡಿಕೊಡು" ಅಂದ. ಎಕ್ಸೆಲ್ ಬೇರೆ, ಆಕ್ಸಲ್ ಬೇರೆ. ನನಗೆ ಗೊತ್ತಿದ್ದಿದ್ದು ಮೊದಲನೇದು ಮಾತ್ರ.

ವಿಷಯ ಏನಪ್ಪಾ ಅಂದ್ರೆ, ಅವನ ಹತ್ರ ಒಂದು ಹಳೇ ಷೆವರ್ಲೆ ಸಿ10 ಪಿಕಪ್ ಇದೆ. ನಮ್ಮ ಕಡೆ ತರಕಾರಿ ಹಾಕ್ಕೊಂಡು ಹೋಗೋ ಪಿಕಪ್ ಥರಾನೇ, ಮುಂದೆ ಕ್ಯಾಬಿನ್, ಹಿಂದೆ ತೆರೆದ ಡಬ್ಬ. ಆದರೆ ಒಳಗೆ 5.7 ಲೀಟರಿನ ವಿ8 ಎಂಜಿನ್. ಅದನ್ನ ಅವನು ಡ್ರ್ಯಾಗ್ ರೇಸ್‌ಗೆ ಓಡಿಸ್ತಾನೆ. ವಾರವಿಡೀ ಕೋಡ್ ಬರೆಯೋದು, ತಿಂಗಳಿಗೊಂದು ಶನಿವಾರ ಕಾಲು ಮೈಲಿ ಓಡ್ಸೋದು. ಅಂದ್ರೆ 1,320 ಅಡಿ, ನಮ್ಮ ಲೆಕ್ಕದಲ್ಲಿ 402 ಮೀಟರ್. ನೇರ ರಸ್ತೆ, ಎರಡು ಗಾಡಿ, ಹಸಿರು ದೀಪ, ಅಷ್ಟೇ ಆಟ.

ಪಿಕಪ್‌ನಲ್ಲಿ ರೇಸಾ ಅಂತ ನಗಬೇಡಿ, ನಾನೂ ನಕ್ಕಿದ್ದೆ. ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ನಡೆಸೋ ದೊಡ್ಡ ಸಂಸ್ಥೆ ಎನ್‌ಎಚ್‌ಆರ್‌ಎ. 1951ರಲ್ಲಿ ವಾಲಿ ಪಾರ್ಕ್ಸ್ ಅನ್ನೋರು ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿದ್ದು. ಆ ಸಂಸ್ಥೆ 1998ರಿಂದ 2001ರವರೆಗೆ ಪಿಕಪ್‌ಗಳಿಗೆ ಅಂತಾನೇ ಪ್ರೋ ಸ್ಟಾಕ್ ಟ್ರಕ್ ಅನ್ನೋ ವೃತ್ತಿಪರ ವಿಭಾಗ ನಡೆಸಿತ್ತು. ಈಗ ಆ ವಿಭಾಗ ಇಲ್ಲ. ಆದರೆ ವಾರಾಂತ್ಯದ ಊರಿನ ಟ್ರ್ಯಾಕ್‌ಗಳಲ್ಲಿ ಪಿಕಪ್‌ಗೇನೂ ಬರ ಇಲ್ಲ.

ಈಗ ಇವನ ಸಮಸ್ಯೆಗೆ ಬರೋಣ. ಹಿಂದಿನ ಆಕ್ಸಲ್‌ನ ಗಿಯರ್ ಬದಲಾಯಿಸ್ಬೇಕು. ಆನ್‌ಲೈನ್ ಕಾರ್ಟ್‌ನಲ್ಲಿ ಎರಡು ಸೆಟ್ ಇಟ್ಕೊಂಡಿದ್ದಾನೆ, 4.10 ಒಂದು, 4.56 ಒಂದು. ಗೆಳೆಯರೆಲ್ಲ "ದೊಡ್ಡ ನಂಬರ್ ಹಾಕು, ಗಾಡಿ ಹಾರತ್ತೆ" ಅಂತಿದ್ದಾರೆ. ಇವನಿಗೆ ಮಾತ್ರ ಸಂಶಯ, ಯಾಕಂದ್ರೆ ಇವನ ಹತ್ರ ಇರೋದು ಇದೊಂದೇ ಪಿಕಪ್. ರೇಸ್‌ಗೆ ಇನ್ನೊಂದು ಗಾಡಿ, ಅದನ್ನ ಎಳ್ಕೊಂಡು ಹೋಗೋಕೆ ಟ್ರೇಲರ್, ಅದೆಲ್ಲ ಇಲ್ಲ. ಟ್ರ್ಯಾಕ್ ಮನೆಯಿಂದ 60 ಮೈಲಿ. ಇದೇ ಪಿಕಪ್ ಓಡಿಸ್ಕೊಂಡು ಹೋಗಬೇಕು, ರೇಸ್ ಮಾಡಬೇಕು, ಇದರಲ್ಲೇ ವಾಪಸ್ ಬರಬೇಕು. ಅತ್ತಿಗೆ ಮೊದಲೇ ಹೇಳಿಬಿಟ್ಟಿದ್ದಾರೆ, ಗಿಯರ್‌ಗೆ ಈ ವರ್ಷ ಒಂದೇ ಸಲ ದುಡ್ಡು ಅಂತ. ತಪ್ಪು ಆರಿಸಿದ್ರೆ ಮುಂದಿನ ವರ್ಷದವರೆಗೂ ಆ ತಪ್ಪಿನ ಮೇಲೇ ಕೂತ್ಕೊಂಡು ಓಡಾಡ್ಬೇಕು.

ಮೊದಲು ಈ ನಂಬರ್ ಅಂದ್ರೆ ಏನು ಅಂತ ನೋಡೋಣ. ಲಾರಿ ಹಿಂದೆ ಟ್ರಾಫಿಕ್‌ನಲ್ಲಿ ನಿಂತಾಗ ಬಗ್ಗಿ ನೋಡಿದ್ರೆ, ಎರಡು ಚಕ್ರದ ಮಧ್ಯೆ ಆಕ್ಸಲ್‌ನಲ್ಲಿ ಕುಂಬಳಕಾಯಿ ಥರ ಒಂದು ಗುಂಡು ಕಾಣತ್ತಲ್ಲ, ಅದೇ ಡಿಫರೆನ್ಷಿಯಲ್. ತಮಾಷೆ ಏನು ಅಂದ್ರೆ ಅಮೆರಿಕದ ಮೆಕ್ಯಾನಿಕ್‌ಗಳೂ ಅದನ್ನ ಕುಂಬಳಕಾಯಿ ಅಂತಾನೇ ಕರೀತಾರೆ. ಅದರೊಳಗೆ ಎರಡು ಹಲ್ಲಿನ ಚಕ್ರ ಇದೆ. ಎಂಜಿನ್ ಕಡೆಯಿಂದ ಬರೋ ಉದ್ದ ಶಾಫ್ಟ್‌ನ ತುದಿಯಲ್ಲಿ ಚಿಕ್ಕದು, ಪಿನಿಯನ್. ಅದಕ್ಕೆ ಕಚ್ಚಿಕೊಂಡು ತಿರುಗೋ ದೊಡ್ಡದನ್ನ ನಮ್ಮ ಮೆಕ್ಯಾನಿಕ್‌ಗಳು ಕ್ರೌನ್ ಅಂತಾರೆ. ಕ್ರೌನ್‌ಗೆ 41 ಹಲ್ಲು, ಪಿನಿಯನ್‌ಗೆ 10 ಹಲ್ಲು ಇದ್ರೆ ಭಾಗಿಸಿ ನೋಡಿ, 4.10. ಶಾಫ್ಟ್ 4.10 ಸುತ್ತು ತಿರುಗಿದ್ರೆ ಚಕ್ರ ಒಂದು ಸುತ್ತು. ಅದೇ 41ಕ್ಕೆ 11 ಹಲ್ಲಿನ ಪಿನಿಯನ್ ಹಾಕಿದ್ರೆ 3.73, 9 ಹಲ್ಲಿನದು ಹಾಕಿದ್ರೆ 4.56.

ಬೈಕ್ ಇಟ್ಕೊಂಡಿರೋರಿಗೆ ಇದು ಗೊತ್ತಿರತ್ತೆ, ಚೈನ್ ಸ್ಪ್ರಾಕೆಟ್‌ದೂ ಇದೇ ಕಥೆ. ಕಾಲೇಜಲ್ಲಿದ್ದಾಗ ನನ್ನ 100 ಸಿಸಿ ಬೈಕಿಗೆ ಪಿಕಪ್ ಬರಲಿ ಅಂತ ಹಿಂದೆ ದೊಡ್ಡ ಸ್ಪ್ರಾಕೆಟ್ ಹಾಕಿಸಿದ್ದೆ. ಮುಂದೆ 14 ಹಲ್ಲು ಹಾಗೇ ಇತ್ತು, ಹಿಂದೆ 42 ಇದ್ದಿದ್ದು 46 ಆಯ್ತು. ಸಿಗ್ನಲ್‌ನಲ್ಲಿ ರಾಜ ನಾನು. ತುಮಕೂರು ರಸ್ತೆಗೆ ಬಂದ ತಕ್ಷಣ ಬೈಕ್ ಅಳೋಕೆ ಶುರು. ಎಂಜಿನ್ ಕಿರುಚ್ತಾ ಇದೆ, ಪಕ್ಕದಲ್ಲಿ ಸ್ಕೂಟರ್‌ನೋರು ಆರಾಮಾಗಿ ದಾಟ್ಕೊಂಡು ಹೋಗ್ತಿದ್ದಾರೆ. ಪೆಟ್ರೋಲ್ ಖರ್ಚು ಕೇಳ್ಲೇಬೇಡಿ. ಮೂರೇ ತಿಂಗಳಿಗೆ ಹಳೇ ಸ್ಪ್ರಾಕೆಟ್ ವಾಪಸ್ ಹಾಕಿಸಿದೆ. ದೊಡ್ಡ ನಂಬರ್ ಅನ್ನೋದು ಸಾಲ ಇದ್ದ ಹಾಗೆ. ಹೊರಡುವಾಗ ಕೈತುಂಬಾ ಕೊಡತ್ತೆ, ವೇಗ ಏರಿದ ಮೇಲೆ ಬಡ್ಡಿ ಸಮೇತ ಕಿತ್ಕೊಳ್ಳತ್ತೆ.

ದೊಡ್ಡ ನಂಬರ್ ಅಂದ್ರೆ ಜಾಸ್ತಿ ವೇಗ ಅಂತ ಇನ್ನೂ ನಂಬಿರೋರಿಗೆ ಒಂದು ಮಾತು. ಡ್ರ್ಯಾಗ್ ರೇಸಿಂಗ್‌ನಲ್ಲಿ ಎಲ್ಲಕ್ಕಿಂತ ವೇಗದ್ದು ಟಾಪ್ ಫ್ಯುಯೆಲ್ ಗಾಡಿಗಳು, ಗಂಟೆಗೆ 330 ಮೈಲಿ ದಾಟತ್ತವೆ. 2008ರಿಂದ ಅವು 1,320 ಅಡಿ ಅಲ್ಲ, 1,000 ಅಡಿ ಮಾತ್ರ ಓಡ್ತವೆ. ಅವುಗಳ ಹಿಂದಿನ ಆಕ್ಸಲ್‌ಗೆ ಎನ್‌ಎಚ್‌ಆರ್‌ಎ ನಿಗದಿ ಮಾಡಿರೋ ನಂಬರ್ 3.20. ನನ್ನ ಅಣ್ಣನ ಕಾರ್ಟ್‌ನಲ್ಲಿ ಇದ್ದಿದ್ದು 4.56. ನಂಬರ್ ಒಂದೇ ವೇಗ ಕೊಡೋ ಹಾಗಿದ್ರೆ ಅವನ ಪಿಕಪ್ ಟಾಪ್ ಫ್ಯುಯೆಲ್‌ನ ಹಿಂದೆ ಹಾಕ್ಬೇಕಿತ್ತು.

ಸರಿ, ಹಾಗಿದ್ರೆ ಆರಿಸೋದು ಹೇಗೆ? ಇಲ್ಲಿ ನನಗೆ ಇಷ್ಟ ಆದ ವಿಷಯ ಬರತ್ತೆ. ಲೆಕ್ಕ ಶುರುವಾಗೋದು ಹೊರಡೋ ಗೆರೆಯಿಂದ ಅಲ್ಲ, ಮುಗಿಯೋ ಗೆರೆಯಿಂದ. ಕಾಲು ಮೈಲಿ ಮುಗಿಯೋ ಜಾಗದಲ್ಲಿ ಗಾಡಿ ಎಷ್ಟು ವೇಗದಲ್ಲಿರತ್ತೆ, ಆ ಕ್ಷಣಕ್ಕೆ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿರಬೇಕು, ಇವೆರಡು ಮೊದಲು ಗೊತ್ತಾಗ್ಬೇಕು. ಆಮೇಲೆ ಹಿಂದಕ್ಕೆ ಬರೋದು. ಈ ತಿಂಗಳ ಕೊನೆಗೆ ಕೈಯಲ್ಲಿ ಎಷ್ಟಿರಬೇಕು ಅಂತ ಮೊದಲು ಬರ್ಕೊಂಡು, ಆಮೇಲೆ ಖರ್ಚು ಹಂಚ್ತೀವಲ್ಲ, ಹಾಗೆ.

ಅಣ್ಣನ ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡೋದು 5,800 ಆರ್‌ಪಿಎಂ ಹತ್ರ. ಗಿಯರ್ ಬದಲಾಗೋದು 6,000ಕ್ಕೆ. 6,200ಕ್ಕೆ ಲಿಮಿಟರ್ ಇಟ್ಟಿದ್ದಾನೆ, ಅದನ್ನ ಮುಟ್ಟಿದ್ರೆ ಎಂಜಿನ್ ತಾನೇ ಕತ್ತರಿಸಿಕೊಂಡು ಬ-ಬ-ಬ ಅನ್ನತ್ತೆ. ಹಾಗಾಗಿ ಮುಗಿಯೋ ಗೆರೆಯನ್ನ ಸುಮಾರು 5,800ರಲ್ಲಿ ದಾಟೋದು ಒಳ್ಳೇದು. ಅದಕ್ಕಿಂತ ತುಂಬಾ ಕಡಿಮೆ ಇದ್ರೆ ಶಕ್ತಿ ಬಳಸದೇ ಬಿಟ್ಟ ಹಾಗೆ. ಜಾಸ್ತಿ ಆದ್ರೆ ಗೆರೆಗೆ ಮೊದಲೇ ಎಂಜಿನ್ ಸುಸ್ತು.

ಈಗ ಸೂತ್ರ. ಗಂಟೆಗೆ ಎಷ್ಟು ಮೈಲಿ ಅನ್ನೋದನ್ನ ಗಿಯರ್ ನಂಬರ್‌ನಿಂದ ಗುಣಿಸಿ, ಅದನ್ನ 336ರಿಂದ ಗುಣಿಸಿ, ಟೈರಿನ ಎತ್ತರದಿಂದ, ಅಂದ್ರೆ ಇಂಚಿನಲ್ಲಿ ವ್ಯಾಸದಿಂದ ಭಾಗಿಸಿ. ಬರೋದು ಟಾಪ್ ಗಿಯರ್‌ನಲ್ಲಿ ಎಂಜಿನ್‌ನ ಆರ್‌ಪಿಎಂ. ಈ 336 ಎಲ್ಲಿಂದ ಬಂತು ಅಂತ ನನಗೆ ತಲೆಕೆಟ್ಟು ಕೂತು ಹುಡುಕಿದೆ. ತುಂಬಾ ಸರಳ. ಒಂದು ಮೈಲಿಗೆ 63,360 ಇಂಚು. ಗಂಟೆಯನ್ನ ನಿಮಿಷ ಮಾಡೋಕೆ 60ರಿಂದ ಭಾಗಿಸಿದ್ರೆ 1,056. ಟೈರಿನ ವ್ಯಾಸವನ್ನ ಸುತ್ತಳತೆ ಮಾಡೋ ಪೈ, 3.14ರಿಂದ ಭಾಗಿಸಿದ್ರೆ 336. ಅಷ್ಟೇ. ಅಮೆರಿಕದೋರು ಇನ್ನೂ ಮೈಲಿ, ಇಂಚು ಬಿಟ್ಟಿಲ್ಲ ಅನ್ನೋದಕ್ಕೆ ನಾವು ಕಟ್ಟೋ ತೆರಿಗೆ ಈ 336.

ಅಣ್ಣನ ಟೈರು 28 ಇಂಚು. 336ನ್ನ 28ರಿಂದ ಭಾಗಿಸಿದ್ರೆ ಸರಿಯಾಗಿ 12. ಬಾಯಿಲೆಕ್ಕ ಆಗಿಹೋಯ್ತು. ವೇಗ ಗುಣಿಸು 12 ಗುಣಿಸು ಗಿಯರ್.

ವೇಗ ಎಷ್ಟು ಹಾಕೋದು? ಎಂಜಿನ್ ಕಟ್ಟಿಕೊಟ್ಟವರು 400 ಅಶ್ವಶಕ್ತಿ ಅಂದಿದ್ರಂತೆ. ಇವನನ್ನೂ ಸೇರಿಸಿ ಗಾಡಿ ತೂಕ 4,000 ಪೌಂಡ್, ಅಂದ್ರೆ ಸುಮಾರು 1,815 ಕೆ.ಜಿ. ಶಕ್ತಿಯನ್ನ ತೂಕದಿಂದ ಭಾಗಿಸಿ, ಅದರ ಘನಮೂಲ ತೆಗೆದು, 234ರಿಂದ ಗುಣಿಸಿದ್ರೆ ಕಾಲು ಮೈಲಿಯ ಕೊನೆಯ ವೇಗದ ಅಂದಾಜು ಸಿಗತ್ತೆ. ಡ್ರ್ಯಾಗ್ ರೇಸ್‌ನೋರು ತುಂಬಾ ವರ್ಷದಿಂದ ಬಳಸೋ ಸೂತ್ರ. ನಾನು ಹಾಕಿ ನೋಡಿದೆ, 108 ಮೈಲಿ ಬಂತು.

108 ಗುಣಿಸು 12 ಗುಣಿಸು 4.10 ಅಂದ್ರೆ 5,314. 4.56 ಆದ್ರೆ 5,910. ಇದರ ಮೇಲೆ ಇನ್ನೊಂದು ಸೇರಿಸ್ಬೇಕು. ಇವನದು ಆಟೊಮ್ಯಾಟಿಕ್ ಗಾಡಿ, ಎಂಜಿನ್‌ಗೂ ಗಿಯರ್‌ಬಾಕ್ಸ್‌ಗೂ ಮಧ್ಯೆ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರತ್ತೆ. ಅದು ಯಾವಾಗಲೂ ಸ್ವಲ್ಪ ಜಾರತ್ತೆ. ಶೇ. 5 ಅಂತ ಇಟ್ಕೊಳ್ಳಿ. ಆಗ 4.10ಕ್ಕೆ 5,580. 4.56ಕ್ಕೆ 6,205. ಲಿಮಿಟರ್ 6,200! ನಾನು ಹೆಮ್ಮೆಯಿಂದ ಮೆಸೇಜ್ ಕಳಿಸಿದೆ: "4.56 ಬೇಡ. ಗೆರೆ ಹತ್ರ ಲಿಮಿಟರ್ ಹೊಡಿಯತ್ತೆ. 4.10 ಹಾಕು."

ಹತ್ತು ನಿಮಿಷ ಬಿಟ್ಟು ಅವನಿಂದ ಒಂದು ಫೋಟೋ ಬಂತು. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಮಡಚಿ ಇಟ್ಟಿದ್ದ ಹಳೇ ಟೈಮ್ ಸ್ಲಿಪ್. ಟ್ರ್ಯಾಕ್‌ನಲ್ಲಿ ಪ್ರತಿ ಓಟ ಆದ್ಮೇಲೆ ಕೊಡೋ ಚೀಟಿ ಅದು. ಕಂಪನಿಯಿಂದ ಬಂದ 3.08 ಗಿಯರ್‌ನಲ್ಲೇ ಓಡಿಸಿದಾಗಿನದು. 13.52 ಸೆಕೆಂಡ್, ಕೊನೆಯ ವೇಗ 101 ಮೈಲಿ.

108 ಅಲ್ಲ, 101!

ನನಗೆ ಸಿಟ್ಟು ಬಂತು. ಮೊದಲೇ ಕೊಡಬಾರದಾ ಇದನ್ನ? ಆಮೇಲೆ ನಾನೇ ಕೇಳ್ಲಿಲ್ಲ ಅನ್ನೋದು ನೆನಪಾಯ್ತು. ಲೆಕ್ಕಪತ್ರ ಓದಿದವನು ನಾನು, ರಶೀದಿ ಕೇಳದೆ ಅಂದಾಜಿನ ಮೇಲೆ ಬ್ಯಾಲೆನ್ಸ್ ಶೀಟ್ ಬರೆದುಬಿಟ್ಟಿದ್ದೆ. 400 ಅಶ್ವಶಕ್ತಿ ಅನ್ನೋದು ಬಾಯಿಮಾತು, ಟೈಮ್ ಸ್ಲಿಪ್ ರಶೀದಿ. ಜೊತೆಗೆ ಪಿಕಪ್ ಅನ್ನೋದು ಗಾಳಿಗೆ ಎದುರು ನಿಂತ ಗೋಡೆ. ಎತ್ತರದ ಮೂತಿ, ಹಿಂದೆ ತೆರೆದ ಡಬ್ಬ. ಅಷ್ಟೇ ತೂಕ, ಅಷ್ಟೇ ಶಕ್ತಿಯ ಕಾರಿಗಿಂತ ಕೊನೆಯಲ್ಲಿ ಅದರ ವೇಗ ಕಡಿಮೆ ಇರತ್ತೆ. ಟ್ರಕ್‌ಗೆ ಗಿಯರ್ ಆರಿಸುವಾಗ ಕಾರಿನೋರ ಸಲಹೆ ಹಾಗೇ ತಗೋಬಾರದು ಅನ್ನೋದಕ್ಕೆ ಮೊದಲ ಕಾರಣ ಇದು.

ಗಿಯರ್ ಸರಿಯಾದ್ರೆ ವೇಗ ಒಂದೆರಡು ಮೈಲಿ ಏರಬಹುದು, 104 ಅಂತ ಇಟ್ಕೊಂಡು ಮತ್ತೆ ಹಾಕಿದೆ. ಜಾರುವಿಕೆ ಸೇರಿಸಿ 4.10ಕ್ಕೆ 5,373. 4.56ಕ್ಕೆ 5,975. ಉತ್ತರ ತಿರುಗಿಬಿತ್ತು. ಹತ್ತು ನಿಮಿಷದ ಹಿಂದೆ ನಾನು ಬೇಡ ಅಂದಿದ್ದ 4.56 ಈಗ ಎಂಜಿನ್‌ಗೆ ಹತ್ತಿರ. ನಾಲ್ಕು ಮೈಲಿ ವೇಗದ ವ್ಯತ್ಯಾಸಕ್ಕೆ ಇಡೀ ತೀರ್ಮಾನ ಉಲ್ಟಾ.

ಇಲ್ಲೊಂದು ಸ್ವಾರಸ್ಯ ಇದೆ, ಆ ಹಳೇ 3.08ರ ಓಟ. ಅವನ ಗಿಯರ್‌ಬಾಕ್ಸ್ ಟರ್ಬೊ 350. ಮೂರೇ ಗಿಯರ್. ಮೊದಲನೆಯದು 2.52, ಎರಡನೆಯದು 1.52, ಮೂರನೆಯದು ನೇರ 1. 101 ಮೈಲಿಯಲ್ಲಿ ಎರಡನೇ ಗಿಯರ್‌ನ ಆರ್‌ಪಿಎಂ ಲೆಕ್ಕ ಹಾಕಿದ್ರೆ 5,950 ಚಿಲ್ಲರೆ ಬರತ್ತೆ. ಅಂದ್ರೆ ಗೆರೆ ದಾಟೋವರೆಗೂ ಗಾಡಿ ಎರಡನೇ ಗಿಯರ್‌ನಲ್ಲೇ ಇತ್ತು. ಮೂರನೆಯದನ್ನ ನೋಡೇ ಇಲ್ಲ. ಫೋನ್ ಮಾಡಿ ಕೇಳಿದೆ. "ಹೌದಲ್ವಾ, ಎರಡೇ ಸಲ ಸದ್ದು ಏರಿತ್ತು" ಅಂದ. ಕೊನೆಯಲ್ಲಿ ಆರ್‌ಪಿಎಂ ಸರಿಯಾಗೇ ಇತ್ತು ಹಾಗಾದ್ರೆ. ನಷ್ಟ ಆಗ್ತಿದ್ದಿದ್ದು ಹೊರಡುವಾಗ.

ಅದಕ್ಕೂ ಒಂದು ಲೆಕ್ಕ ಇದೆ. ಮೊದಲ ಗಿಯರ್‌ನ ನಂಬರನ್ನ ಆಕ್ಸಲ್ ನಂಬರ್‌ನಿಂದ ಗುಣಿಸಿ. 2.52 ಗುಣಿಸು 3.08 ಅಂದ್ರೆ 7.76. ಎಂಜಿನ್ ಕೊಡೋ ತಿರುಚು ಬಲ ಚಕ್ರಕ್ಕೆ ಹೋಗುವಾಗ ಅಷ್ಟು ಪಟ್ಟು ಆಗತ್ತೆ. ಇಂಥ ಬೀದಿ ಗಾಡಿಗಳಿಗೆ ಇದು 10ರ ಆಸುಪಾಸು ಇದ್ರೆ ಒಳ್ಳೇದು ಅನ್ನೋದು ಟ್ರ್ಯಾಕ್‌ನೋರ ವಾಡಿಕೆ. 4.10ಕ್ಕೆ 10.33. 4.56ಕ್ಕೆ 11.49. ಇದರಿಂದಾನೇ ಗೆಳೆಯರ ಸಲಹೆ ಕಣ್ಣುಮುಚ್ಚಿ ತಗೋಬಾರದು ಅನ್ನೋದು. ಹೊಸ ಗಾಡಿಗಳಲ್ಲಿರೋ 4ಎಲ್60ಇ ಅನ್ನೋ ಗಿಯರ್‌ಬಾಕ್ಸ್‌ನ ಮೊದಲ ಗಿಯರ್ 3.06. ಅದಕ್ಕೆ ಬರೀ 3.42 ಆಕ್ಸಲ್ ಹಾಕಿದ್ರೂ 10.47 ಬಂದುಬಿಡತ್ತೆ. ಮೇಲೆ 0.70ರ ಓವರ್‌ಡ್ರೈವ್ ಬೇರೆ, ಹೆದ್ದಾರಿಯಲ್ಲಿ ಎಂಜಿನ್ ತಣ್ಣಗೆ ಕೂತಿರತ್ತೆ. ಅಂಥ ಗಾಡಿಯವನು "ನನಗೆ 3.42 ಸಾಕು" ಅಂದ್ರೂ ಸತ್ಯ, ಅಣ್ಣನಿಗೆ ಅದು ಸಾಲಲ್ಲ ಅನ್ನೋದೂ ಸತ್ಯ.

ಹಾಗಾದ್ರೆ 11.49 ಇನ್ನೂ ಒಳ್ಳೇದಲ್ವಾ? ಅಲ್ಲ, ಮತ್ತೆ ಪಿಕಪ್ ಅನ್ನೋದೇ ಕಾರಣ. ಖಾಲಿ ಪಿಕಪ್‌ನ ಭಾರವೆಲ್ಲ ಮುಂದೆ. ಎಂಜಿನ್ ಮುಂದೆ, ಕ್ಯಾಬಿನ್ ಮುಂದೆ, ಹಿಂದೆ ಬರೀ ತಗಡಿನ ಡಬ್ಬ. ಓಡಿಸೋ ಚಕ್ರ ಇರೋದು ಹಿಂದೆ. ಮಳೆಯಲ್ಲಿ ಖಾಲಿ ಪಿಕಪ್‌ನ ಹಿಂಭಾಗ ಜಾರಾಡೋದು ನೋಡಿದ್ದೀರಲ್ಲ, ಅದೇ. ಬಲ ಜಾಸ್ತಿ ಕೊಟ್ಟಷ್ಟೂ ಟೈರು ಅಲ್ಲೇ ಸುತ್ತಿ ಹೊಗೆ ಬಿಡತ್ತೆ, ಗಾಡಿ ಮುಂದೆ ಹೋಗಲ್ಲ. ಹೊಗೆ ಇನ್‌ಸ್ಟಾಗ್ರಾಮ್‌ಗೆ ಚೆಂದ, ಟೈಮ್ ಸ್ಲಿಪ್‌ಗೆ ಅಲ್ಲ. ಹಿಂದೆ ಎಲೆ ಸ್ಪ್ರಿಂಗ್, ಅಂದ್ರೆ ನಮ್ಮ ಲಾರಿ ಪಟ್ಟಿ ಸ್ಪ್ರಿಂಗೇ. ಬಲ ಬಿದ್ದಾಗ ಆಕ್ಸಲ್ ತಿರುಚಿಕೊಂಡು ಚಕ್ರ ದಡದಡ ಕುಣಿಯತ್ತೆ. ಅದಕ್ಕೆ ಟ್ರ್ಯಾಕ್ಷನ್ ಬಾರ್ ಹಾಕ್ತಾರೆ, ಅದು ಬೇರೆ ಎಪಿಸೋಡ್. ಭಾರ ಬೇಕು ಅಂತ ಕೆಲವರು ಹಿಂದೆ ಮರಳು ಮೂಟೆ ಹಾಕೋಕೆ ಹೋಗ್ತಾರೆ. ದಯವಿಟ್ಟು ಬೇಡ. ಬೋಲ್ಟ್ ಹಾಕಿ ಬಿಗಿಯದ ಭಾರವನ್ನ ಟ್ರ್ಯಾಕ್‌ನೋರು ಒಳಗೇ ಬಿಡಲ್ಲ, ಬಿಡಲೂಬಾರದು. 100 ಮೈಲಿಯಲ್ಲಿ ಬ್ರೇಕ್ ಹಾಕಿದಾಗ ಆ ಮೂಟೆ ಎಲ್ಲಿಗೆ ಬರತ್ತೆ ಅಂತ ಒಮ್ಮೆ ಯೋಚಿಸಿ.

ಇನ್ನೊಂದು ಅಪಾಯದ ಬಗ್ಗೆ ಯಾರೂ ಮಾತಾಡಲ್ಲ. ಟಾಪ್ ಗಿಯರ್ ನೇರ 1 ಅಂದ್ನಲ್ಲ, ಅಂದ್ರೆ ಗಾಡಿ ಕೆಳಗಿನ ಉದ್ದ ಶಾಫ್ಟ್ ಹೆಚ್ಚುಕಡಿಮೆ ಎಂಜಿನ್ ಎಷ್ಟು ಸುತ್ತತ್ತೋ ಅಷ್ಟೇ ಸುತ್ತತ್ತೆ. 3.08ರಲ್ಲಿ 101 ಮೈಲಿಗೆ ಶಾಫ್ಟ್ 3,733 ಸುತ್ತು. 4.56 ಹಾಕಿದ್ರೆ 104 ಮೈಲಿಗೆ 5,691. ಪಿಕಪ್‌ನ ಶಾಫ್ಟ್ ಕಾರಿಗಿಂತ ಉದ್ದ. ಉದ್ದ ಕೊಳವೆಯನ್ನ ಒಂದು ಮಿತಿಗಿಂತ ಜೋರಾಗಿ ಸುತ್ತಿಸಿದ್ರೆ ಅದು ಸ್ಕಿಪ್ಪಿಂಗ್ ಹಗ್ಗದ ಥರ ಬಿಲ್ಲಾಗಿ ಬಾಗೋಕೆ ಶುರು ಮಾಡತ್ತೆ. ಮುರಿದ್ರೆ ಮುಂದಿನ ತುದಿ ರಸ್ತೆಗೆ ಕಚ್ಚಿ ಗಾಡಿಯನ್ನೇ ಎತ್ತಿಬಿಡಬಹುದು. ಅದಕ್ಕೇ ಶಾಫ್ಟ್ ಸುತ್ತ ಒಂದು ಕಬ್ಬಿಣದ ಬಳೆ ಹಾಕ್ತಾರೆ, ಡ್ರೈವ್‌ಶಾಫ್ಟ್ ಲೂಪ್ ಅಂತ. ಗಿಯರ್‌ಗೆ ದುಡ್ಡು ಇಟ್ಟು ಲೂಪ್‌ಗೆ ಇಡದೇ ಇದ್ರೆ ಲೆಕ್ಕ ಪೂರ್ತಿ ಆಗಿಲ್ಲ ಅಂತ ಅರ್ಥ. ಅಣ್ಣ ಮೊದಲು ಗೊಣಗಿದ, ಆಮೇಲೆ ಶಾಫ್ಟ್ ಬ್ಯಾಲೆನ್ಸ್ ಮಾಡಿಸಿ ಲೂಪ್‌ನೂ ಹಾಕಿಸಿದ. 13.99 ಸೆಕೆಂಡಿಗಿಂತ ಬೇಗ ಓಡೋ ಗಾಡಿಗೆ ಹೆಲ್ಮೆಟ್ ಎನ್‌ಎಚ್‌ಆರ್‌ಎ ನಿಯಮದಲ್ಲೇ ಇದೆ, ಅದು ಅವನ ಹತ್ರ ಮೊದಲೇ ಇತ್ತು.

ಈಗ ಹೆದ್ದಾರಿ. 60 ಮೈಲಿ ಹೋಗಬೇಕು, 60 ಬರಬೇಕು. ಓವರ್‌ಡ್ರೈವ್ ಇಲ್ಲ. 70 ಮೈಲಿ ವೇಗದಲ್ಲಿ, ಅಂದ್ರೆ 112 ಕಿ.ಮೀ.ನಲ್ಲಿ, ಹಳೇ 3.08 ಆದ್ರೆ ಎಂಜಿನ್ 2,587. 4.10 ಆದ್ರೆ 3,444. 4.56 ಆದ್ರೆ 3,830. ಒಂದು ಗಂಟೆ ಹಾಗೇ. ಟೆಕ್ಸಾಸ್ ಬಿಸಿಲಲ್ಲಿ. ನನ್ನ ತುಮಕೂರು ರಸ್ತೆ ಬೈಕ್ ನೆನಪಾಯ್ತು. ಟ್ರ್ಯಾಕ್‌ಗೆ 4.56 ಬೇಕು ಅನ್ನತ್ತೆ, ರಸ್ತೆ 4.10ಕ್ಕೂ ಗೊಣಗತ್ತೆ. ಇಬ್ಬರೂ ಒಂದು ವಾರ ಫೋನ್‌ನಲ್ಲಿ ಇದೇ ಜಗಳ. ಒಂದು ಸಲ ಅವನು 3.73 ಅಂತಾನೆ, ಇನ್ನೊಂದು ಸಲ "ಬಿಡು, ಟ್ರೇಲರ್ ತಗೋತೀನಿ" ಅಂತಾನೆ. ಹಿಂದಿನಿಂದ ಅತ್ತಿಗೆ ಧ್ವನಿ, "ಯಾವ ಟ್ರೇಲರ್?"

ಉತ್ತರ ಸಿಕ್ಕಿದ್ದು ಎಕ್ಸೆಲ್‌ನಲ್ಲಿ, ಅದೂ ತಪ್ಪಾಗಿ. ಟೈರಿನ ಕಾಲಂನಲ್ಲಿ 28ರ ಬದಲು 26 ಅಂತ ಒತ್ತಿಬಿಟ್ಟೆ. ಆರ್‌ಪಿಎಂ ಎಲ್ಲ ಏರಿಬಿಡ್ತು. ಅಳಿಸೋಕೆ ಹೋಗಿ ಕೈ ನಿಲ್ಲಿಸಿದೆ. ಭಾಗಿಸೋ ಜಾಗದಲ್ಲಿ ಟೈರಿದೆ. ಟೈರು ಚಿಕ್ಕದಾದ್ರೆ ಗಿಯರ್ ದೊಡ್ಡದಾದ ಹಾಗೇ ಅಲ್ವಾ? ಆಕ್ಸಲ್ ಒಳಗಿನ ಗಿಯರ್ ಬಿಚ್ಚೋದು ದಿನಗಟ್ಟಲೆ ಕೆಲಸ. ಟೈರು ಬಿಚ್ಚೋದು ಅರ್ಧ ಗಂಟೆ.

ಡ್ರ್ಯಾಗ್ ರೇಸ್‌ನೋರಿಗೆ ಇದು ಹೊಸದೇನಲ್ಲ, ಅಲ್ಲಿ ಯಾರನ್ನ ಕೇಳಿದ್ರೂ ಹೇಳ್ತಿದ್ರು. ನಾವಿಬ್ಬರು ಕೇಳಿರ್ಲಿಲ್ಲ ಅಷ್ಟೇ.

ಹಾಕಿ ನೋಡಿ. 4.10 ಗಿಯರ್, 26 ಇಂಚಿನ ಡ್ರ್ಯಾಗ್ ಟೈರು, 104 ಮೈಲಿ. ಜಾರುವಿಕೆ ಸೇರಿಸಿ 5,786. ನಮಗೆ ಬೇಕಿದ್ದಿದ್ದು 5,800! ಈ ಜೋಡಿ 28 ಇಂಚಿನ ಟೈರಿನಲ್ಲಿ 4.42 ಗಿಯರ್ ಹಾಕಿದ್ದಕ್ಕೆ ಸಮ. ರಸ್ತೆಗೆ ಅದೇ 4.10, ಆದರೆ 30 ಇಂಚಿನ ಸಾಮಾನ್ಯ ಟೈರು. 70 ಮೈಲಿಯಲ್ಲಿ 3,214. ಪಿಕಪ್‌ನ ಚಕ್ರದ ಗೂಡು ದೊಡ್ಡದು, 30 ಇಂಚು ಆರಾಮಾಗಿ ಕೂರತ್ತೆ. ಕಾರಾಗಿದ್ರೆ ಈ ಆಟ ಕಷ್ಟ. ಎರಡು ಹೆಚ್ಚುವರಿ ರಿಮ್ ಬೇಕು, ಟೈರು ಬದಲಾಯಿಸಿದಾಗ ಹಿಂಭಾಗ ಎರಡು ಇಂಚು ಕೆಳಗೆ ಕೂರತ್ತೆ, ಸ್ಪೀಡೋಮೀಟರ್ ಸುಳ್ಳು ಹೇಳತ್ತೆ. ಒಪ್ಕೊಂಡ.

4.56 ಬಿಟ್ಟಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 9 ಹಲ್ಲಿನ ಪಿನಿಯನ್ 10 ಹಲ್ಲಿನದಕ್ಕಿಂತ ಸಣ್ಣದು. ಭಾರದ ಗಾಡಿ, ಜೋರು ಹೊರಡೋದು, ಎಲ್ಲ ಹೊಡೆತ ಬೀಳೋದು ಆ ಸಣ್ಣ ಹಲ್ಲುಗಳ ಮೇಲೆ.

ಕೂರಿಸೋ ಕೆಲಸದ ಬಗ್ಗೆ ಎರಡೇ ಮಾತು. ಗಿಯರ್ ಸೆಟ್‌ಗಿಂತ ಕೂಲಿ ಜಾಸ್ತಿ ಆಯ್ತು ಅಂತ ಅವನು ಬೇಜಾರು ಮಾಡ್ಕೊಂಡ, ಆದರೆ ಅದು ನ್ಯಾಯವೇ. ಪಿನಿಯನ್ ಎಷ್ಟು ಒಳಗೆ ಕೂತಿದೆ, ಹಲ್ಲಿನ ಮಧ್ಯೆ ಎಷ್ಟು ಸಡಿಲ ಇದೆ, ಎಲ್ಲ ಇಂಚಿನ ಸಾವಿರದ ಒಂದು ಭಾಗದಲ್ಲಿ ಅಳೀತಾರೆ. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ಮಧ್ಯೆ ಬೀಳತ್ತಾ ನೋಡ್ತಾರೆ. ತಪ್ಪಿದ್ರೆ ಹೆದ್ದಾರಿಯಲ್ಲಿ ಕುಂಯ್ ಅಂತ ಅಳತ್ತೆ, ಆಮೇಲೆ ಸಾಯತ್ತೆ. ಕೆಲವು ಆಕ್ಸಲ್‌ಗಳಲ್ಲಿ ಚಿಕ್ಕ ನಂಬರ್‌ನಿಂದ ದೊಡ್ಡದಕ್ಕೆ ಹೋದ್ರೆ ಕ್ರೌನ್ ಕೂರೋ ಕ್ಯಾರಿಯರ್ ಅನ್ನೂ ಬದಲಾಯಿಸ್ಬೇಕು. ಇವನಿಗೂ ಬದಲಾಯಿಸಬೇಕಾಗಿ ಬಂತು. ಆರ್ಡರ್ ಮಾಡೋ ಮೊದಲು ಕೇಳ್ಕೊಳ್ಳಿ. ಹೊಸ ಗಿಯರ್ ಹಾಕಿದ ದಿನವೇ ಟ್ರ್ಯಾಕ್‌ಗೆ ಹೋಗಬೇಡಿ. 15-20 ನಿಮಿಷ ಮೆಲ್ಲಗೆ ಓಡಿಸಿ, ತಣ್ಣಗಾಗಲು ಬಿಡಿ, ಹೀಗೆ ಕೆಲವು ಸಲ. ಸುಮಾರು 500 ಮೈಲಿ ಆದ್ಮೇಲೆ ಎಣ್ಣೆ ಬದಲಾಯಿಸಿ.

ಟೈರಿನ ಎತ್ತರ ಮಾತ್ರ ಪಕ್ಕದಲ್ಲಿ ಬರೆದಿರೋದನ್ನ ನಂಬಬೇಡಿ. ಅವನು ಅಳೆದಾಗ 28 ಅಂದಿದ್ದು 27.7 ಇತ್ತು. ಟೈರ್ ಮೇಲೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗಾಡಿಯ ಭಾರ ಮೇಲಿರೋ ಹಾಗೇ ಒಂದು ಸುತ್ತು ತಳ್ಳಿ, ದೂರ ಅಳೆದು 3.14ರಿಂದ ಭಾಗಿಸಿ. ಟೇಲರ್ ಟೇಪ್ ಸಾಕು.

ಮೊದಲ ಶನಿವಾರ ನಾನು ನಿದ್ದೆಗೆಟ್ಟು ಕೂತಿದ್ದೆ. ಮೊದಲ ಓಟ ಹಾಳು. ಹಸಿರು ಬಂದ ತಕ್ಷಣ ಪೂರ್ತಿ ಒತ್ತಿದ, ಟೈರು ಅಲ್ಲೇ ಸುತ್ತಿತು, 3.08ಕ್ಕಿಂತ ನಿಧಾನ. "ನಿನ್ನ ಎಕ್ಸೆಲ್ ಸುಟ್ಟು ಹಾಕು" ಅಂತ ಮೆಸೇಜ್. ಎರಡನೇದಕ್ಕೆ ಟೈರಿನ ಗಾಳಿ ಸ್ವಲ್ಪ ಇಳಿಸಿ, ಹೊರಡುವಾಗ ಮೆಲ್ಲಗೆ ಒತ್ತಿದ, ಪರವಾಗಿಲ್ಲ. ಮೂರನೇದರ ಸ್ಲಿಪ್‌ನ ಫೋಟೋ ಬಂತು. 13.11 ಸೆಕೆಂಡ್, 103 ಮೈಲಿ. ಟ್ಯಾಕೋಮೀಟರ್ ನೆನಪಿಟ್ಕೊಂಡಿದ್ದ ಆರ್‌ಪಿಎಂ 5,750. ನನ್ನ ಶೀಟ್‌ನಲ್ಲಿ 103ಕ್ಕೆ 5,730. ನಾನು ಜೀವನದಲ್ಲಿ ಮಾಡಿದ ಯಾವ ಜಿಎಸ್‌ಟಿ ರಿಟರ್ನ್ ಕೂಡ ಇಷ್ಟು ಹತ್ತಿರ ಬಂದಿಲ್ಲ.

ಪಾರ್ಕಿಂಗ್‌ನಲ್ಲೇ ಜಾಕ್ ಹಾಕಿ 30 ಇಂಚಿನ ಟೈರು ವಾಪಸ್ ಹಾಕ್ಕೊಂಡು ಮನೆಗೆ ಬಂದ. ಅತ್ತಿಗೆ ಕೇಳಿದ್ದು ಒಂದೇ, ಹೆದ್ದಾರಿಯಲ್ಲಿ ಸದ್ದು ಮೊದಲಿಗಿಂತ ಜಾಸ್ತಿ ಅಲ್ವಾ ಅಂತ. ಜಾಸ್ತಿನೇ. 627 ಆರ್‌ಪಿಎಂ ಜಾಸ್ತಿ.

ಮೊನ್ನೆ ಮತ್ತೆ ಫೋನ್ ಬಂತು. ಮನೆಯಿಂದ 20 ಮೈಲಿಯಲ್ಲೇ ಇನ್ನೊಂದು ಟ್ರ್ಯಾಕ್ ಇದೆಯಂತೆ. ಆದರೆ ಅದು ಎಂಟನೇ ಒಂದು ಮೈಲಿ, 660 ಅಡಿ ಮಾತ್ರ. ಶೀಟ್ ತೆರೆದು ನೋಡಿದೆ. ಅಲ್ಲಿ ಗೆರೆ ಹತ್ರ ಇವನ ವೇಗ 82 ಮೈಲಿ ಇರಬಹುದು. ಮೂರನೇ ಗಿಯರ್‌ಗೆ ಆಗಷ್ಟೇ ಬಿದ್ದಿರತ್ತೆ, ಎಂಜಿನ್ 4,560 ಆರ್‌ಪಿಎಂ. ಅದನ್ನ 5,800ಕ್ಕೆ ತರ್ಬೇಕು ಅಂದ್ರೆ ಇದೇ ಟೈರಿಗೆ 5.20ರಷ್ಟು ಗಿಯರ್ ಬೇಕು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "24 ಇಂಚಿನ ಟೈರು ಸಿಗತ್ತಾ ನೋಡ್ಲಾ?" ಅಂದ.

ಬೇಡ ಮಾರಾಯ ಅಂದೆ. ನೋಡ್ತಿದ್ದಾನೆ ಅನ್ಸತ್ತೆ. ಮುಂದಿನ ವಾರ ಸಿಗೋಣ.